ಲೈನ್ ಇನ್ ಬದಲು ಮೈಕ್

2008ರಲ್ಲಿ ನಾನು ಬೈಲಹೊಂಗಲದ ಪೇಟೆಯಲ್ಲಿ ಹತ್ತು ಅಡಿ ಅಗಲದ ಕಂಪ್ಯೂಟರ್ ದುರಸ್ತಿ ಅಂಗಡಿ ಇಟ್ಟುಕೊಂಡಿದ್ದೆ. ಹೆಸರಿಗೆ ಅಂಗಡಿ, ಆದರೆ ಅರ್ಧ ದಿನ ಬೈಕಿನ ಮೇಲೆಯೇ ಕಳೆಯುತ್ತಿತ್ತು. ಮುರಗೋಡದಲ್ಲಿ ಒಂದು ಸೊಸೈಟಿ, ಸವದತ್ತಿಯಲ್ಲಿ ಒಂದು ಶಾಲೆಯ ಲ್ಯಾಬು, ಕಿತ್ತೂರಿನಲ್ಲಿ ಎರಡು ಝೆರಾಕ್ಸ್ ಅಂಗಡಿ, ತಿಂಗಳಿಗೊಮ್ಮೆ ರಾಮದುರ್ಗ. ನಮ್ಮಪ್ಪ ಪಂಚಾಂಗ ನೋಡಿ ಮುಹೂರ್ತ ಹೇಳುತ್ತಿದ್ದವರು. ಮಗ ಸ್ಕ್ರೂಡ್ರೈವರ್ ಹಿಡಿದದ್ದು ಅವರಿಗೆ ಕೊನೆಯವರೆಗೂ ಸರಿಬರಲಿಲ್ಲ. ಅಪ್ಪ ಗ್ರಹಶಾಂತಿ ಮಾಡಿದ, ಮಗ ವೈರಸ್ ಶಾಂತಿ ಮಾಡುತ್ತಾನೆ ಎಂದು ಗೆಳೆಯರು ಕಾಡುತ್ತಿದ್ದರು. ಕೆಲಸದಲ್ಲಿ ನಾನು ಹುಷಾರು ಎಂಬ ಸೊಕ್ಕು ನನಗಿತ್ತು. ಆ ಸೊಕ್ಕು ಹೇಗೆ ಇಳಿಯಿತು ಎಂಬುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಟಿವಿ ಟ್ಯೂನರ್ ಕಾರ್ಡ್ ಎಂದರೆ ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ಅಂಗೈ ಅಗಲದ ಒಂದು ಹಸಿರು ಹಲಗೆ ಅದು. ಕಂಪ್ಯೂಟರಿನ ಪೆಟ್ಟಿಗೆಯೊಳಗೆ ಸಿಕ್ಕಿಸಿ, ಹಿಂದೆ ಕೇಬಲ್ ವೈರು ಹಚ್ಚಿದರೆ ಮಾನಿಟರಿನ ಮೇಲೆಯೇ ಟಿವಿ ಬರುತ್ತಿತ್ತು. ಪರದೆಯ ಮೇಲಿನ ಕೆಂಪು ಗುಂಡಿ ಒತ್ತಿದರೆ ಕಾರ್ಯಕ್ರಮ ಹಾರ್ಡ್ ಡಿಸ್ಕಿನಲ್ಲಿ ರೆಕಾರ್ಡ್ ಆಗುತ್ತಿತ್ತು. ಇದರಲ್ಲಿ ಒಂದು ಕಿರಿಕಿರಿ ಇತ್ತು. ಚಿತ್ರ ಕಾರ್ಡಿನಿಂದ ನೇರವಾಗಿ ಒಳಗೆ ಹೋಗುತ್ತಿತ್ತು, ಧ್ವನಿ ಹೋಗುತ್ತಿರಲಿಲ್ಲ. ಧ್ವನಿಗೆಂದು ಗೇಣುದ್ದದ ಒಂದು ವೈರನ್ನು ಹೊರಗಿನಿಂದ ತಂದು ಸೌಂಡ್ ಕಾರ್ಡಿನ ‘ಲೈನ್ ಇನ್’ ಎಂಬ ತೂತಿಗೆ ಚುಚ್ಚಬೇಕು. ಆಮೇಲೆ, ರೆಕಾರ್ಡ್ ಮಾಡುವಾಗ ಧ್ವನಿಯನ್ನು ಅಲ್ಲಿಂದಲೇ ತೆಗೆದುಕೊಳ್ಳಬೇಕು ಎಂದು ಕಂಪ್ಯೂಟರಿಗೆ ಒಂದು ಟಿಕ್ ಹಾಕಿ ಹೇಳಬೇಕು. ಆ ಟಿಕ್ ‘ಮೈಕ್’ ಎಂಬಲ್ಲಿ ಉಳಿದುಬಿಟ್ಟರೆ ಟಿವಿ ನೋಡುವಾಗ ಏನೂ ತಿಳಿಯುವುದಿಲ್ಲ. ರೆಕಾರ್ಡಿನಲ್ಲಿ ಮಾತ್ರ ಚಿತ್ರ ಟಿವಿಯದು, ಧ್ವನಿ ಮೈಕು ಇಟ್ಟ ಕೋಣೆಯದು ಆಗುತ್ತದೆ.

ಹತ್ತಿ ದಲಾಲಿ ಅಂಗಡಿಯ ಮಹಾಂತೇಶ ಸಾವಕಾರ ತನ್ನ ಕಂಪ್ಯೂಟರನ್ನು ಮನೆಯಲ್ಲಿ, ಊಟಕ್ಕೆ ಕೂರುವ ಒಳಕೋಣೆಯಲ್ಲಿ ಇಟ್ಟಿದ್ದ. ಅಂಗಡಿಯಲ್ಲಿಟ್ಟರೆ ಹತ್ತಿಯ ಹಾರುವ ಎಳೆ ಫ್ಯಾನಿನಲ್ಲಿ ಸಿಕ್ಕಿ ಸುಟ್ಟುಹೋಗುತ್ತದೆ ಎಂದು ನಾನೇ ಹೇಳಿದ್ದೆ. ಕ್ರಿಕೆಟ್ ನೋಡಲು ಅವನಿಗೆ ಟ್ಯೂನರ್ ಕಾರ್ಡ್ ಬೇಕಾಗಿತ್ತು. ಹಾಕಲು ಹೋದ ದಿನ ಅವನು ಮನೆಯಲ್ಲಿರಲಿಲ್ಲ. ಹೆಂಡತಿ ಗಿರಿಜಾ ಇದ್ದಳು, ಮನೋಳಿಯವಳು, ಇಪ್ಪತ್ತೆಂಟರ ಆಸುಪಾಸು. ದಿನಾ ಮಧ್ಯಾಹ್ನ ಎರಡಕ್ಕೆ ಒಂದು ಅಡುಗೆ ಕಾರ್ಯಕ್ರಮ ಬರುತ್ತದೆ, ಅದೇ ಹೊತ್ತಿಗೆ ಯಜಮಾನರು ಊಟಕ್ಕೆ ಬರುತ್ತಾರೆ, ಬಡಿಸಬೇಕು, ನೋಡಲಾಗುವುದಿಲ್ಲ, ಅದನ್ನು ಹಿಡಿದಿಡಬಹುದೇ ಎಂದು ಕೇಳಿದಳು. ಕೆಂಪು ಗುಂಡಿ ತೋರಿಸಿದೆ. ಕಂಪ್ಯೂಟರಿನ ಜೊತೆ ಪುಕ್ಕಟೆ ಬಂದ ಮೈಕೊಂದು ಮೇಜಿನ ಮೇಲಿತ್ತು. ಅದೇನು ಮಾಡುತ್ತದೆ ಎಂದಳು. ಟಿಕ್ಕನ್ನು ಮೈಕಿಗೆ ಹಾಕಿ ಏನಾದರೂ ಹೇಳಿ ಎಂದೆ. ಬೀಸುವ ಪದದ ಎರಡು ಸಾಲು ಹಾಡಿದಳು. ತನ್ನ ಧ್ವನಿ ತಿರುಗಿ ಕೇಳಿದಾಗ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು. ಒಳಗಿನಿಂದ ಅತ್ತೆ ನೀಲವ್ವ ಒಮ್ಮೆ ಕೆಮ್ಮಿದಳು, ನಗು ನಿಂತಿತು. ನಾನು ಸಾಮಾನು ಕಟ್ಟಿಕೊಂಡು ಹೊರಟೆ. ಟಿಕ್ಕನ್ನು ತಿರುಗಿ ಲೈನ್ ಇನ್‌ಗೆ ಹಾಕಲು ಮರೆತೆ.

ವಾರದೊಳಗೆ ಅವಳ ಫೋನು ಬಂತು. “ಅಣ್ಣಾರ, ಅಡಗಿ ಮಾಡೂದು ಕಾಣಸತೈತ್ರಿ, ಆಕಿ ಮಾತ ಕೇಳವಲ್ದು. ನಮ್ಮ ಮನಿ ಸಪ್ಪಳ ಕೇಳತೈತಿ.” ತಪ್ಪು ಯಾವುದೆಂದು ನನಗೆ ತಕ್ಷಣ ಹೊಳೆಯಿತು. ಎರಡು ನಿಮಿಷದ ಕೆಲಸ, ಆ ಕಡೆ ಬಂದಾಗ ಮಾಡಿಕೊಡುತ್ತೇನೆ ಎಂದೆ. ಅವಳ ಮನೆ ನನ್ನ ಅಂಗಡಿಯಿಂದ ನಾಲ್ಕು ಓಣಿ ದೂರ. ಆದರೂ ಹೋಗಲಿಲ್ಲ. ಸವದತ್ತಿಯ ಲ್ಯಾಬು, ರಾಮದುರ್ಗದ ಪ್ರಿಂಟರು ಎಂದು ದಿನ ದೂಡಿದೆ. ಮೂರು ವಾರದ ಮೇಲೆ ಅವಳೇ ಮತ್ತೆ ಫೋನು ಮಾಡಿದಳು. “ಬರೂದು ಬ್ಯಾಡ್ರಿ ಅಣ್ಣಾರ. ಅದು ಹಂಗ ಇರ್ಲಿ.” ಒಂದು ಸುತ್ತಾಟ ತಪ್ಪಿತೆಂದು ನನಗೆ ಖುಷಿಯಾಯಿತು.

ಆಮೇಲೆ ಎರಡು ತಿಂಗಳ ಹೊತ್ತಿಗೆ ಒಂದು ಮುಂಜಾನೆ ಮಹಾಂತೇಶ ಕಂಪ್ಯೂಟರಿನ ಪೆಟ್ಟಿಗೆಯನ್ನೇ ಹೊತ್ತುಕೊಂಡು ಅಂಗಡಿಗೆ ಬಂದ. ಡಿಸ್ಕು ತುಂಬಿದೆ, ಲೆಕ್ಕದ ಪ್ರೋಗ್ರಾಂ ತೆರೆಯುವುದಿಲ್ಲ, ಎಲ್ಲ ಅಳಿಸಿ ಹೊಸದು ಮಾಡಿ ಎಂದ. ಮನೆಯವರು ಹೇಗಿದ್ದಾರೆ ಎಂದು ವಾಡಿಕೆಯಂತೆ ಕೇಳಿದೆ. ಗಿರಿಜಾ ಅಟ್ಟದ ಏಣಿಯಿಂದ ಬಿದ್ದು ದವಡೆ ಮುರಿದುಕೊಂಡಿದ್ದಾಳೆ, ಬೆಳಗಾವಿಯಲ್ಲಿ ಆಪರೇಷನ್ ಆಯಿತು, ತವರಿನಲ್ಲಿದ್ದಾಳೆ, ಸೋಮವಾರ ಕರೆದುಕೊಂಡು ಬರುತ್ತೇವೆ, ಎರಡೂ ಕಡೆಯ ಹಿರಿಯರು ಕೂತು ಮಾತಾಡಿದ್ದಾರೆ ಎಂದ. ಏಣಿಯಿಂದ ಬಿದ್ದವಳನ್ನು ಕರೆತರಲು ಹಿರಿಯರು ಯಾಕೆ ಕೂರಬೇಕು ಎಂದು ನನಗಾಗ ಹೊಳೆಯಲಿಲ್ಲ. ಹೋಗುವಾಗ ಬಾಗಿಲಲ್ಲಿ ತಿರುಗಿ ಹೇಳಿದ: “ಲೆಕ್ಕದ್ದಷ್ಟ ಉಳಸ್ರಿ ಜೋಶಿಯವರ. ಆಕೀ ಅಡಗಿದೂ ಪಡಗಿದೂ ಎಲ್ಲಾ ತಗದ ಒಗೀರಿ.” ಅಂದು ಗುರುವಾರ.

ಅಳಿಸುವ ಮೊದಲು ಒಳಗೆ ಏನಿದೆಯೆಂದು ನೋಡುವುದು ನಮ್ಮ ಕಸುಬಿನ ರೂಢಿ. ನಲವತ್ತು ಜಿಬಿ ಡಿಸ್ಕಿನ ಬಹುಪಾಲು ಅಡುಗೆ ಕಾರ್ಯಕ್ರಮವೇ ತುಂಬಿತ್ತು. ಧ್ವನಿ ಕೊನೆಗೂ ಸರಿಹೋಯಿತೋ ಇಲ್ಲವೋ ನೋಡೋಣವೆಂದು ನಡುವಿನ ಒಂದು ಫೈಲು ತೆರೆದೆ. ಹಸಿರು ಸೀರೆಯ ಒಬ್ಬಾಕೆ ಬದನೆಕಾಯಿಗೆ ಮಸಾಲೆ ತುಂಬುತ್ತ ನಗುತ್ತಿದ್ದಳು. ಧ್ವನಿ ಅವಳದಲ್ಲ. ತಾಟು ಇಟ್ಟ ಸಪ್ಪಳ, ಮಣೆ ಸರಿದ ಸಪ್ಪಳ. ಪಲ್ಯ ತಣ್ಣಗಾಗಿದೆ ಎಂದು ಮಹಾಂತೇಶ ಮೆಲ್ಲಗೆ, ಬಹಳ ಮೆಲ್ಲಗೆ ಹೇಳಿದ. ತಾಟು ಗೋಡೆಗೆ ಬಡಿಯಿತು. ಆಮೇಲೆ ಹೊಡೆತ. ಕಪಾಳಕ್ಕೆ ಬಿದ್ದ ಏಟಿಗೂ ಬೆನ್ನಿಗೆ ಬಿದ್ದ ಏಟಿಗೂ ಸದ್ದು ಬೇರೆ ಎಂದು ನನಗೆ ಅಂದು ತಿಳಿಯಿತು. ಅವನು ಅವಸರ ಮಾಡುತ್ತಿರಲಿಲ್ಲ. ಒಂದು ಏಟು, ಒಂದು ಪ್ರಶ್ನೆ, ಮತ್ತೊಂದು ಏಟು. ಅವಳು ಕೂಗಲಿಲ್ಲ, ತಪ್ಪಾತ್ರಿ, ತಪ್ಪಾತ್ರಿ ಅನ್ನುತ್ತಿದ್ದಳು. ಪರದೆಯ ಮೇಲೆ ಆ ಹಸಿರು ಸೀರೆಯವಳು ಒಗ್ಗರಣೆಗೆ ಸಾಸಿವೆ ಹಾಕಿದಳು. ಅವನು ಕೈ ತೊಳೆದು, ಬಾಯಿ ಮುಕ್ಕಳಿಸಿ ಹೋದ. ಸ್ವಲ್ಪ ಹೊತ್ತಿನ ಮೇಲೆ ಮೈಕಿನ ತೀರ ಹತ್ತಿರ ಅವಳ ಧ್ವನಿ ಕೇಳಿಸಿತು. “ಇವತ್ತ ಬೆಲ್ಟ್. ಎಡಗಿವಿ.” ಅಷ್ಟೇ. ರೆಕಾರ್ಡ್ ನಿಂತಿತು.

ಅಂಗಡಿಯ ಬಾಗಿಲು ಮುಂದೆಳೆದು, ಉಳಿದವನ್ನು ಫೈಲಿನ ನಂಬರಿನ ಪ್ರಕಾರ ತೆರೆದೆ. ಮೊದಲ ನಾಲ್ಕೈದರಲ್ಲಿ ಅವಳು ಕೊನೆಗೆ ಏನೂ ಹೇಳಿರಲಿಲ್ಲ. ಆಮೇಲಿನ ಪ್ರತಿಯೊಂದರಲ್ಲೂ ಹೇಳಿದ್ದಳು. “ಇವತ್ತ ಕಟಗಿ.” “ಇವತ್ತ ಚಪ್ಪಲಿ, ಅತ್ತಿ ಹಿಡಕೊಂಡಿದ್ರು.” ಹೊಡೆತವಿಲ್ಲದ ದಿನ “ಇವತ್ತ ಏನಿಲ್ಲ” ಎಂದೂ ಹೇಳಿದ್ದಳು. ನನ್ನ ತಪ್ಪನ್ನು ಅವಳು ಮೊದಲ ವಾರ ದೂರಿದಳು, ಮತ್ತೆ ಮೂರು ವಾರ ಕಳೆಯುವುದರೊಳಗೆ ಅದರ ಉಪಯೋಗ ಕಂಡುಕೊಂಡಳು. ದಿನಾ ಎರಡಕ್ಕೆ ಕೆಂಪು ಗುಂಡಿ ಒತ್ತಿ, ಮಾನಿಟರೂ ಸ್ಪೀಕರೂ ಬಂದ್ ಮಾಡಿ ತಾಟು ಬಡಿಸಲು ಕೂರುತ್ತಿದ್ದಳು. ಗುಂಯ್‌ಗುಡುವ ಆ ಪೆಟ್ಟಿಗೆಯ ಮೇಲೆ ಯಾರಿಗೂ ಅನುಮಾನ ಬರಲಿಲ್ಲ.

ಕೊನೆಯ ಫೈಲು ಎಲ್ಲಕ್ಕಿಂತ ಉದ್ದ, ಡಿಸ್ಕು ತುಂಬುವವರೆಗೂ ಓಡಿತ್ತು. ಅದರಲ್ಲಿ ಅವನು ಒನಕೆ ತೆಗೆದುಕೊಂಡಿದ್ದ. ಹಸಿ ಕಬ್ಬು ಮುರಿದಂಥ ಸದ್ದು ಎರಡು ಸಲ ಬಂತು, ಒಂದು ಕೈಯದು, ಒಂದು ದವಡೆಯದು. ಆಮೇಲೆ ಅವಳ ಬಾಯಿಂದ ಬಂದದ್ದು ಮಾತಲ್ಲ. ನೀಲವ್ವನ ಮಾತು ಸ್ಪಷ್ಟವಾಗಿತ್ತು: “ಸಾಕ ಬಿಡೊ. ಸತ್ತರ ನಮ್ಮ ಕೊಳ್ಳಿಗಿ ಬರತೈತಿ. ಅಟ್ಟದ ಏಣಿ ತಂದ ಇಲ್ಲಿ ಹಾಕು.” ಇಪ್ಪತ್ತು ನಿಮಿಷಕ್ಕೆ ನಾನು ನಿಲ್ಲಿಸಿದೆ. ಉಳಿದದ್ದನ್ನು ಕೇಳುವ ಧೈರ್ಯ ನನಗೆ ಬರಲಿಲ್ಲ. ಇದನ್ನು ಮುಚ್ಚಿಡದೆ ಹೇಳಬೇಕು.

ಅವನು ಕೇಳಿದಂತೆ ಲೆಕ್ಕದ ಪ್ರೋಗ್ರಾಮನ್ನು ನನ್ನ ಹತ್ತಿರವಿದ್ದ ಬೇರೆ ಡಿಸ್ಕಿಗೆ ಹಾಕಿ, ಆ ಡಿಸ್ಕನ್ನೇ ಪೆಟ್ಟಿಗೆಯಲ್ಲಿ ಕೂರಿಸಿ ಶುಕ್ರವಾರ ಮುಂಜಾನೆ ಅವನಿಗೆ ಕೊಟ್ಟೆ. ಈಗ ಗಾಳಿಯಂತೆ ಓಡುತ್ತದೆ ಎಂದು ಅವನು ಬೆನ್ನು ತಟ್ಟಿದ. ಆ ಕೈ ಬೆನ್ನಿನ ಮೇಲಿದ್ದಷ್ಟು ಹೊತ್ತು ನಾನು ಉಸಿರು ಬಿಡಲಿಲ್ಲ. ಹಳೆಯ ಡಿಸ್ಕನ್ನು ಟವೆಲಿನಲ್ಲಿ ಸುತ್ತಿ ಬೈಕಿನ ಡಿಕ್ಕಿಯಲ್ಲಿಟ್ಟುಕೊಂಡು ಮನೋಳಿಗೆ ಹೋದೆ.

ಗಿರಿಜಾ ಅಣ್ಣನ ಮನೆಯ ಪಡಸಾಲೆಯಲ್ಲಿ ಕೂತಿದ್ದಳು. ದವಡೆಯನ್ನು ತಂತಿಯಿಂದ ಕಟ್ಟಿದ್ದರು, ಬಲಗೈಗೆ ಪ್ಲಾಸ್ಟರು. ಮಾತಾಡುವಂತಿಲ್ಲ, ಬರೆಯುವಂತಿಲ್ಲ. ಅವಳ ಅಣ್ಣ ಈರಣ್ಣ ಹೊಲದಿಂದ ಬಂದವನು ಒಂದು ಮಾತು ಹೇಳಿ ನನ್ನ ಎದೆ ಒಡೆದ. ತಂಗಿ ಬಂದಾಗಿನಿಂದ ಎಡಗೈಯಿಂದ ಟಿವಿಯ ಕಡೆಗೇ ತೋರಿಸುತ್ತಿದ್ದಳಂತೆ. ಟಿವಿ ನೋಡಬೇಕೇನೋ ಎಂದು ಇವರು ದಿನವಿಡೀ ಹಚ್ಚಿಡುತ್ತಿದ್ದರು. ಅವಳು ಅಳುತ್ತಿದ್ದಳು, ಇವರು ಚಾನೆಲ್ ಬದಲಿಸುತ್ತಿದ್ದರು. ನಾನು ಟವೆಲ್ ಬಿಚ್ಚಿ ಡಿಸ್ಕು ತೋರಿಸಿದೆ. ಅವಳು ಎಡಗೈ ಚಾಚಿ ಅದನ್ನು ತೊಡೆಯ ಮೇಲಿಟ್ಟುಕೊಂಡಳು. ಅದರೊಳಗಿನದನ್ನು ನಾನು ಕೇಳಿದೆನೇ ಎಂದು ಕಣ್ಣಿನಲ್ಲೇ ಕೇಳಿದಳು. ಹೌದೆಂದೆ. ಈರಣ್ಣನಿಗೆ ವಿಷಯ ಹೇಳಿದಾಗ ಅವನು ಮೊದಲು ಹುಡುಕಿದ್ದು ಕುಡಗೋಲು. ಅವನನ್ನು ಕೂರಿಸಲು ಮೂರು ಜನ ಬೇಕಾಯಿತು. ಅವನು ಜೈಲಿಗೆ ಹೋದರೆ ಸೋಮವಾರ ತಂಗಿಯನ್ನು ಕಳಿಸದೆ ಹಿಡಿಯುವವರು ಯಾರು ಎಂದು ನಾನು ಸಿಟ್ಟಿನಿಂದಲೇ ಕೇಳಿದೆ. ಆಗ ಕುಡಗೋಲು ಕೆಳಗಿಟ್ಟ.

ಶನಿವಾರ ಈರಣ್ಣನೊಂದಿಗೆ ಠಾಣೆಗೆ ಹೋಗಿ ದೂರು ಕೊಟ್ಟೆವು. ಸಬ್ ಇನ್‌ಸ್ಪೆಕ್ಟರು ಫ್ಯಾನು ಬಂದ್ ಮಾಡಿಸಿ ಹತ್ತು ನಿಮಿಷ ಕೇಳಿದರು, ಎದ್ದು ನಿಂತು ಟೋಪಿ ಹಾಕಿಕೊಂಡರು. ಇಬ್ಬರು ಸಾಕ್ಷಿಗಳ ಎದುರಿಗೆ ಡಿಸ್ಕನ್ನು ಬಟ್ಟೆಯಲ್ಲಿ ಹೊಲಿದು ಅರಗಿನ ಮುದ್ರೆ ಹಾಕಿದರು, ಪರೀಕ್ಷೆಗೆ ಬೆಂಗಳೂರಿಗೆ ಕಳಿಸಿದರು. ಅಂದು ಸಂಜೆಯೇ ಮಹಾಂತೇಶನನ್ನೂ ನೀಲವ್ವನನ್ನೂ ಹಿಡಿದರು. ಸೋಮವಾರ ಗಿರಿಜಾ ಎಲ್ಲಿಗೂ ಹೋಗಲಿಲ್ಲ.

ಬೀಳಬೇಕಾದ ಏಟು ಇನ್ನೊಂದಿತ್ತು, ಅದು ನನ್ನ ಅಂಗಡಿಗೆ ಬಂತು. ಮಂಗಳವಾರ ಹನ್ನೊಂದು ಗಂಟೆಗೆ, ಪೇಟೆ ತುಂಬಿರುವಾಗ, ಮಹಾಂತೇಶನ ತಮ್ಮ ಇಬ್ಬರು ಹಮಾಲರನ್ನು ಕರೆದುಕೊಂಡು ಬಂದ. ಡಿಸ್ಕಿನ ನಕಲು ಎಲ್ಲಿದೆ ಎಂದ. ಇಲ್ಲ ಎಂದೆ. ಮಾನಿಟರುಗಳನ್ನು ಒಂದೊಂದಾಗಿ ನೆಲಕ್ಕೆ ಹಾಕಿದರು, ಗಿರಾಕಿಗಳ ಏಳು ಪೆಟ್ಟಿಗೆಗಳನ್ನು ಕಲ್ಲು ಎತ್ತಿಹಾಕಿ ಜಜ್ಜಿದರು. ಅಡ್ಡ ಹೋದಾಗ ಒಬ್ಬನು ಚೀಲ ಎತ್ತುವ ಕಬ್ಬಿಣದ ಕೊಕ್ಕೆಯನ್ನು ನನ್ನ ಮುಂಗೈಗೆ ಇಳಿಸಿ, ಹತ್ತಿಯ ಮೂಟೆ ಎಳೆದಂತೆ ಬೀದಿಗೆ ಎಳೆದ. ಕೊಕ್ಕೆ ಒಂದು ಕಡೆ ಹೋಗಿ ಇನ್ನೊಂದು ಕಡೆ ಬಂದಿತ್ತು. ನೋವಿಗಿಂತ ಮೊದಲು ನನಗೆ ಆಶ್ಚರ್ಯವಾಯಿತು. ಮಹಾಂತೇಶನ ತಮ್ಮ ನನ್ನ ಎದೆಯ ಮೇಲೆ ಕಾಲಿಟ್ಟು, “ಮಂದೀ ಮನಿ ಮಾತ ಕೇಳೂ ಚಟ ಐತೇನ ನಿನಗ?” ಎಂದು ಕಿವಿಯ ಮೇಲೆ ತುಳಿದ. ಎದುರಿನ ಮಿರ್ಚಿ ಭಜಿ ಅಂಗಡಿಯ ರಾಜೇಸಾಬ ಕಾದ ಎಣ್ಣೆಯ ಸೌಟು ಹಿಡಿದು ಹತ್ತಿರ ಬಂದು, “ಕಾಲ ತಗೀ. ಇಲ್ಲಾಂದ್ರ ಮಾರಿ ಮ್ಯಾಲ ಹಾಕತೇನಿ” ಎಂದ. ತುಳಿದವನು ಕಾಲು ತೆಗೆದ. ಇವತ್ತಿಗೂ ನನ್ನ ಎಡಗೈಯ ಎರಡು ಬೆರಳು ಪೂರ್ತಿ ಮಡಚುವುದಿಲ್ಲ, ಸಣ್ಣ ಸ್ಕ್ರೂ ಹಿಡಿಯಲು ಬಲಗೈಯೇ ಬೇಕು.

ಕೋರ್ಟಿನಲ್ಲಿ ಮೂರು ವರ್ಷ ಹಿಡಿಯಿತು. ಪಾಟೀಸವಾಲಿನಲ್ಲಿ ಎದುರು ವಕೀಲರು ನನ್ನನ್ನು ಒಳ್ಳೆಯ ಜಾಗದಲ್ಲೇ ಹಿಡಿದರು. ಎಲ್ಲ ಫೈಲುಗಳ ಮೇಲೂ 2002ರ ಜನವರಿ ಒಂದು ಎಂಬ ತಾರೀಖಿತ್ತು. ಕಂಪ್ಯೂಟರ್ ಬಂದ್ ಇದ್ದಾಗ ಗಡಿಯಾರ ನಡೆಸುವ ಬಿಲ್ಲೆಯಂಥ ಸೆಲ್ಲು ಸತ್ತಿತ್ತು, ಕರೆಂಟು ಹೋದಾಗಲೆಲ್ಲ ಅದು ಆ ತಾರೀಖಿಗೇ ಮರಳುತ್ತಿತ್ತು. ಆ ಸೆಲ್ಲು ಬದಲಿಸದೆ ಬಿಟ್ಟವನೂ ನಾನೇ. ಹಾಗಾದರೆ ಇದೆಲ್ಲ ಮದುವೆಗಿಂತ ಮೊದಲೇ ನಡೆಯಿತೇ ಎಂದು ಅವರು ಕೇಳಿದಾಗ ಕೋರ್ಟು ನಕ್ಕಿತು. ನನಗೆ ಸಿಟ್ಟು ನೆತ್ತಿಗೇರಿತು. “ಚಿತ್ರದ ಕೆಳಗ ಓಡೂ ಪಟ್ಟಿ ಓದ್ರಿ ಸಾಹೇಬ್ರ” ಎಂದೆ.

ನಮ್ಮ ಕಡೆಯ ಕೇಬಲ್‌ನವರು ಯಾವ ಚಾನೆಲ್ ಇದ್ದರೂ ಅದರ ಕೆಳಗೆ ಊರಿನ ಸುದ್ದಿಯ ಒಂದು ಪಟ್ಟಿ ಓಡಿಸುತ್ತಿದ್ದರು. ನೀರು ಯಾವಾಗ, ಸೀರೆಯ ಸೇಲು ಎಲ್ಲಿ, ಯಾರು ತೀರಿಕೊಂಡರು, ಮಣ್ಣು ಮಾಡುವುದು ಎಷ್ಟು ಹೊತ್ತಿಗೆ. ಊರಿನವರು ಧಾರಾವಾಹಿಗಿಂತ ಆ ಪಟ್ಟಿಯನ್ನೇ ಹೆಚ್ಚು ನಂಬಿಕೆಯಿಂದ ನೋಡುತ್ತಿದ್ದರು. ಕೊನೆಯ ಫೈಲಿನ ಪಟ್ಟಿಯಲ್ಲಿ ಒಬ್ಬ ನಿವೃತ್ತ ಮಾಸ್ತರರು ಅಂದು ಬೆಳಿಗ್ಗೆ ತೀರಿಕೊಂಡದ್ದೂ, ಸಂಜೆ ಐದಕ್ಕೆ ಅಂತ್ಯಕ್ರಿಯೆ ಎಂಬುದೂ ಮತ್ತೆ ಮತ್ತೆ ಓಡುತ್ತಿತ್ತು. ಪುರಸಭೆಯ ಮರಣದ ದಾಖಲೆ ತರಿಸಿದರು. ಕೇಬಲ್‌ನವನು ಬಂದು, ಆ ಸಾಲನ್ನು ಆ ಒಂದು ದಿನ ಮಾತ್ರ ಓಡಿಸಿದ್ದಾಗಿ ಹೇಳಿದ. ಗಿರಿಜಾ ಆಸ್ಪತ್ರೆ ಸೇರಿದ್ದು ಅದೇ ದಿನ. ಮೈಕು ಮನೆಯ ಧ್ವನಿ ಹಿಡಿಯದಿದ್ದರೆ ಏನಾಯಿತೆಂದು ಗೊತ್ತಾಗುತ್ತಿರಲಿಲ್ಲ, ಕಾರ್ಡು ಟಿವಿಯ ಚಿತ್ರ ಹಿಡಿಯದಿದ್ದರೆ ಯಾವಾಗ ಆಯಿತೆಂದು ಗೊತ್ತಾಗುತ್ತಿರಲಿಲ್ಲ. ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಕೊಲೆಯತ್ನಕ್ಕೆ ಮಹಾಂತೇಶನಿಗೆ ಏಳು ವರ್ಷ ಆಯಿತು, ನೀಲವ್ವನಿಗೆ ಎರಡು. ಊರಿನವರು ನನಗೆ ಶಾಲು ಹೊದಿಸಬೇಕೆಂದರು, ನಾನು ಹೋಗಲಿಲ್ಲ. ಯಾಕೆಂದರೆ ತೀರ್ಪಿಗಿಂತ ಮೊದಲು ಒಂದು ದಿನ ಬಂದಿತ್ತು.

ಅಂದು ನ್ಯಾಯಾಧೀಶರು ಕೊನೆಯ ಫೈಲನ್ನು ಪೂರ್ತಿ ಕೇಳಬೇಕೆಂದರು. ನಾನು ಇಪ್ಪತ್ತು ನಿಮಿಷಕ್ಕೆ ಬಿಟ್ಟದ್ದು ಮುಂದೆ ಓಡಿತು. ಏಣಿ ಎಳೆದದ್ದು, ನೆಲ ತೊಳೆದದ್ದು, ಮಹಾಂತೇಶ ಜನರ ಕಣ್ಣಿಗೆ ಬೀಳಲೆಂದು ಅಂಗಡಿಗೆ ಮರಳಿದ್ದು. ಪರದೆಯ ಮೇಲೆ ಅಡುಗೆ ಮುಗಿದು ಧಾರಾವಾಹಿ ಶುರುವಾಯಿತು. ನಡುನಡುವೆ ಮೈಕಿನ ಹತ್ತಿರ ಉಸಿರಾಟ ಕೇಳುತ್ತಿತ್ತು. ಒಂದು ತಾಸು ಕಳೆದಿರಬಹುದು, ಬೈಕು ಬಂದು ನಿಂತ ಸದ್ದು, ಚಿಲಕ ಬಡಿದ ಸದ್ದು. ದೂರದಿಂದ ಒಬ್ಬ ಗಂಡಸಿನ ಧ್ವನಿ: “ಕಂಪ್ಯೂಟರ್ ಸ್ಲೋ ಆಗೇದಂತ ನಿನ್ನೆ ಸಾವಕಾರ್ರು ಫೋನ್ ಮಾಡಿದ್ರು.” ಮನೆಯಲ್ಲಿ ಯಾರೂ ಇಲ್ಲ, ಗಿರಿಜಾ ತವರಿಗೆ ಹೋಗಿದ್ದಾಳೆ ಎಂದಳು ನೀಲವ್ವ. ಆ ಗಂಡಸು ಒಂದು ತಂಬಿಗೆ ನೀರು ಕೇಳಿದ. ಮುರಗೋಡದಿಂದ ಬಿಸಿಲಲ್ಲಿ ಬಂದೆ ಎಂದ. ಅವನು ಕಟ್ಟೆಯ ಮೇಲೆ ಕೂತು ನೀರು ಕುಡಿಯುತ್ತಿರುವಾಗ, ಮೈಕಿನ ತೀರ ಹತ್ತಿರ, ಮುರಿದ ದವಡೆಯಿಂದ ಒಂದು ಮಾತು ಹೊರಟಿತು. ಎರಡು ಸಲ ಹೊರಟಿತು. ಅಣ್ಣಾರ. ಅಣ್ಣಾರ. ಗಂಡಸು ತಂಬಿಗೆ ಕೆಳಗಿಟ್ಟು, ಮತ್ತೆ ಬರುತ್ತೇನೆ ಎಂದು ಬೈಕು ಹಚ್ಚಿಕೊಂಡು ಹೋದ.

ನ್ಯಾಯಾಧೀಶರು ನಿಲ್ಲಿಸಲು ಹೇಳಿ, ಆ ಧ್ವನಿ ಯಾರದು ಎಂದು ಕೇಳಿದರು. ನಾನು ಎದ್ದು ನಿಂತೆ. “ನಂದರಿ” ಎಂದೆ. ಆ ಭೇಟಿ ನನಗೆ ನೆನಪೇ ಇರಲಿಲ್ಲ. ಯಾರೂ ಇಲ್ಲದ ಮನೆ, ಬೀಗ ಹಾಕಿದ ಮನೆ ನಮ್ಮ ಕಸುಬಿನಲ್ಲಿ ದಿನಕ್ಕೆ ಎರಡು ಸಿಗುತ್ತವೆ, ಯಾವುದನ್ನೂ ಎಣಿಸುವುದಿಲ್ಲ. ಆ ಮನೆಯಲ್ಲಿ ಅವಳು ಇನ್ನೂ ಎರಡು ತಾಸು ನೆಲದ ಮೇಲೆ ಬಿದ್ದಿದ್ದಳು.

ಹೊರಗೆ ಬೇವಿನ ಗಿಡದ ಕೆಳಗೆ ಗಿರಿಜಾ ಅಣ್ಣನ ಜೊತೆ ನಿಂತಿದ್ದಳು. ನಾನು ಅವಳ ಮುಂದೆ ಹೋಗಿ ನಿಂತೆ. ದವಡೆ ಕೂಡಿದ್ದರೂ ಅವಳ ಮಾತು ಸ್ವಲ್ಪ ವಾರೆಯಾಗಿತ್ತು. ಬೈಯಲಿಲ್ಲ, ಅಳಲೂ ಇಲ್ಲ. “ನೀವು ಬಂದದ್ದು ನನಗ ಕೇಳಿತ್ರಿ ಅಣ್ಣಾರ” ಎಂದಳು. “ನನ್ನ ಹೆಸರ ಹಿಡದ ಒಮ್ಮೆ ಕರದಿದ್ರ, ಏನರೆ ಮಾಡಿ ಆ ಮೈಕರೆ ಕೆಡವಿ ಸಪ್ಪಳ ಮಾಡತಿದ್ನಿ.”

ಈಗ ಟ್ಯೂನರ್ ಕಾರ್ಡುಗಳಿಲ್ಲ, ನಾನು ಸಿಸಿಟಿವಿ ಹಾಕುತ್ತ ತಿರುಗುತ್ತೇನೆ. ಯಾವ ಮನೆಯ ಬಾಗಿಲಲ್ಲೇ ಆಗಲಿ, ಒಳಗೆ ಯಾರೂ ಇಲ್ಲ ಎಂದರೆ ನಾನು ತಕ್ಷಣ ಹೊರಡುವುದಿಲ್ಲ. ಆ ಮನೆಯವರ ಹೆಸರು ಹಿಡಿದು, ಒಳಕೋಣೆಗೆ ಮುಟ್ಟುವಂತೆ ಒಮ್ಮೆ ದೊಡ್ಡದಾಗಿ ಕೂಗಿ, ಸ್ವಲ್ಪ ಹೊತ್ತು ಕಿವಿಗೊಟ್ಟು ನಿಲ್ಲುತ್ತೇನೆ. ಜೋಶಿಗೆ ತಲೆ ಕೆಟ್ಟಿದೆ ಎನ್ನುತ್ತಾರೆ. ಅನ್ನಲಿ.